ವರ್ತನಾ ವಿಶ್ಲೇಷಣೆ: ನೋಡಲು ಕಲಿಸುವ ವೃತ್ತಿ

ಪಿ.ಯು.ಸಿ. ಮುಗಿಸಿದವರಿಗೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಎಂಬ ಎರಡೇ ದಾರಿಗಳಿವೆ ಎಂದು ಭಾವಿಸುವವರು ಈಗಲೂ ಉಂಟು. ಅಷ್ಟಾಗಿ ಹೆಸರು ಕೇಳಿಬರದ ಇನ್ನೊಂದು ದಾರಿಯ ಬಗ್ಗೆ ಇಂದು ಮಾತನಾಡೋಣ. ಅದೇ ಅನ್ವಯಿಕ ವರ್ತನಾ ವಿಶ್ಲೇಷಣೆ. ಆಟಿಸಂ ಇರುವ ಮಕ್ಕಳು, ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಕ್ಕಳು, ಇವರ ಶಿಕ್ಷಣದಲ್ಲಿ ಈ ವಿದ್ಯೆ ಹೆಚ್ಚಾಗಿ ಬಳಕೆಯಲ್ಲಿದೆ.

ಹೆಸರು ದೊಡ್ಡದಾದರೂ ಮೂಲ ವಿಚಾರ ಸರಳ. ಪ್ರತಿಯೊಂದು ವರ್ತನೆಗೂ ಮೊದಲು ಒಂದು ಸಂದರ್ಭವಿರುತ್ತದೆ. ಅದರ ಬೆನ್ನಿಗೇ ಒಂದು ಫಲ ದೊರೆಯುತ್ತದೆ. ಆ ಫಲದಿಂದಾಗಿ ವರ್ತನೆ ಹೆಚ್ಚಾದರೆ ಅದಕ್ಕೆ ಪುನರ್ಬಲನ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿಗಳ ಮೇಲೆ ಪ್ರಯೋಗ ನಡೆಸಿ, 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಿಯಮಗಳನ್ನು ವಿವರಿಸಿದರು. ಪ್ರಯೋಗಶಾಲೆಯ ಈ ತಿಳಿವಳಿಕೆ ಮನೆ, ಶಾಲೆ, ಆಸ್ಪತ್ರೆಗಳಿಗೆ ಬಂದಾಗ 'ಅನ್ವಯಿಕ'ವಾಯಿತು. 1968ರಲ್ಲಿ ಈ ವಿಷಯಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆಯೊಂದು ಹೊರಬಂತು.

ಇದರಿಂದ ಏನು ಸಾಧ್ಯ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ ನೋಡಿ. ವುಲ್ಫ್, ರಿಸ್ಲಿ ಮತ್ತು ಮೀಸ್ ಎಂಬ ಮೂವರು ಇದನ್ನು 1964ರಲ್ಲಿ ಪ್ರಕಟಿಸಿದರು. ಮೂರೂವರೆ ವರ್ಷದ ಒಬ್ಬ ಹುಡುಗನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುವ ಅಪಾಯವಿತ್ತು. ಅವನೋ ಕನ್ನಡಕ ಕಂಡರೆ ಕಿತ್ತೆಸೆಯುತ್ತಿದ್ದ. ಸಂಶೋಧಕರು ಮೊದಲು ಗಾಜಿಲ್ಲದ ಬರಿಯ ಚೌಕಟ್ಟನ್ನು ಅವನ ಮುಂದಿಟ್ಟರು. ಅದನ್ನು ಮುಟ್ಟಿದರೆ, ಕೈಯಲ್ಲಿ ಹಿಡಿದರೆ, ಮುಖದ ಬಳಿ ತಂದರೆ, ಒಂದೊಂದು ಹಂತಕ್ಕೂ ತಿನ್ನಲು ಒಂದು ಚೂರು ಕೊಟ್ಟರು. ಕೊನೆಗೆ ಅವನು ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಧರಿಸುವಂತಾದನು.

ಹಾಗಾದರೆ ಮಿಠಾಯಿ ಕೊಟ್ಟು ಕೆಲಸ ಮಾಡಿಸುವುದೇ ಈ ವಿದ್ಯೆಯೇ? ಅಲ್ಲ. ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಮಾತು ಬಾರದ ಒಬ್ಬ ಹುಡುಗ, ಬರೆಯಲು ಹೇಳಿದಾಗಲೆಲ್ಲ ಸ್ಲೇಟನ್ನು ಎಸೆಯುತ್ತಾನೆ. ಶಿಕ್ಷಕರು ಶಿಕ್ಷೆಯೆಂದು ಅವನನ್ನು ಹೊರಗೆ ಕಳುಹಿಸುತ್ತಾರೆ. ಆದರೆ ಎಸೆತ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಏಕೆ? ಹುಡುಗನಿಗೆ ಬೇಕಾಗಿದ್ದುದು ಬರವಣಿಗೆಯಿಂದ ಬಿಡುಗಡೆ. ನಮ್ಮ ಕಣ್ಣಿಗೆ ಶಿಕ್ಷೆಯಾಗಿ ಕಂಡದ್ದು ಅವನ ಪಾಲಿಗೆ ಬಹುಮಾನ! ತರಬೇತಿ ಪಡೆದವರು ಇಲ್ಲಿ 'ಹಟಮಾರಿ' ಎಂದು ಹಣೆಪಟ್ಟಿ ಹಚ್ಚುವುದಿಲ್ಲ. ಎಸೆಯುವ ಮೊದಲು ಏನು ನಡೆಯಿತು, ಎಸೆದ ಮೇಲೆ ಏನು ಸಿಕ್ಕಿತು ಎಂದು ದಿನವೂ ಬರೆದಿಡುತ್ತಾರೆ. ಬಳಿಕ 'ಸಾಕು' ಎನ್ನುವುದಕ್ಕೆ ಬದಲಾಗಿ ಒಂದು ಚೀಟಿ ತೋರಿಸಲು ಹುಡುಗನಿಗೆ ಕಲಿಸುತ್ತಾರೆ, ಪಾಠವನ್ನೂ ಸಣ್ಣ ತುಂಡುಗಳಾಗಿ ಮಾಡುತ್ತಾರೆ. ಇಂಥ ವರ್ತನೆಯ ಬದಲು ಸಂವಹನವನ್ನು ಕಲಿಸುವ ಕ್ರಮವನ್ನು ಕಾರ್ ಮತ್ತು ಡುರಾಂಡ್ 1985ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಇದು ಕೇವಲ ವಿದೇಶದ ಮಾತೂ ಅಲ್ಲ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ರೀತಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಅವರು 1992ರಲ್ಲಿ ಭಾರತೀಯ ಮಕ್ಕಳಿಗೆಂದೇ ಒಂದು ವರ್ತನಾ ಮಾಪನವನ್ನು ಸಿದ್ಧಪಡಿಸಿದರು. ಮಗು ಯಾವ ಕೆಲಸವನ್ನು ತಾನೇ ಮಾಡಬಲ್ಲದು, ಯಾವುದಕ್ಕೆ ನೆರವು ಬೇಕು ಎಂಬುದನ್ನು ಶಿಕ್ಷಕರು ಇದರಿಂದ ಗುರುತಿಸಬಹುದು.

ಇನ್ನು ತರಬೇತಿಯ ವಿಚಾರ. ಪದವಿಯಲ್ಲಿ ಮನೋವಿಜ್ಞಾನವನ್ನು ಓದುವುದು ಒಂದು ದಾರಿ. ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಅಥವಾ ಬಿ.ಎಡ್. ಮಾಡುವುದು ಇನ್ನೊಂದು. ಈ ಕೋರ್ಸಿಗೆ 1992ರ ಕಾಯ್ದೆಯಂತೆ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್, ಸಮೀಪದ ವಿಷಯಗಳಲ್ಲಿ ಉನ್ನತ ಶಿಕ್ಷಣ ನೀಡುತ್ತವೆ. ಆರೋಗ್ಯ ವೃತ್ತಿಗಳ ಕುರಿತ 2021ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ ವರ್ತನಾ ವಿಶ್ಲೇಷಕರ ಹೆಸರೂ ಸೇರಿದೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 1998ರಲ್ಲಿ ಸ್ಥಾಪನೆಯಾದ ಪ್ರಮಾಣೀಕರಣ ಮಂಡಳಿಯ ಅರ್ಹತಾಪತ್ರ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಅದಕ್ಕೆ ಸ್ನಾತಕೋತ್ತರ ಪದವಿ, ಹಿರಿಯರ ಮೇಲ್ವಿಚಾರಣೆಯಲ್ಲಿ 1500ರಿಂದ 2000 ಗಂಟೆಗಳ ಕೆಲಸ, ಬಳಿಕ ಪರೀಕ್ಷೆ, ಇಷ್ಟೂ ಬೇಕು. ಆದರೆ 2023ರಿಂದ ಆ ಮಂಡಳಿ ಭಾರತದಲ್ಲಿ ನೆಲೆಸಿರುವವರಿಂದ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿಲ್ಲ. ಆದ್ದರಿಂದ ಅದೇ ಪ್ರಮಾಣಪತ್ರದ ಆಸೆ ತೋರಿಸಿ ಹಣ ಕೇಳುವ ಜಾಹೀರಾತುಗಳನ್ನು ನಂಬುವ ಮುನ್ನ ವಿಚಾರಿಸಿ. ಆದರೆ ಆ ನಿಯಮದ ಹಿಂದಿನ ತತ್ತ್ವವನ್ನು ಮರೆಯಬೇಡಿ. ಈಜನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ. ಬಲ್ಲವರು ಪಕ್ಕದಲ್ಲಿ ನಿಂತು ತಿದ್ದಿದ ಗಂಟೆಗಳೇ ಇಲ್ಲಿ ನಿಜವಾದ ಶಿಕ್ಷಣ.

ಎಲ್ಲಕ್ಕಿಂತ ಮುಖ್ಯವಾದ ಪಾಠ ಇನ್ನೂ ಉಳಿದಿದೆ. ಬೇರೆಯವರ ವರ್ತನೆಯನ್ನು ಬದಲಿಸುವ ಶಕ್ತಿ ಸಣ್ಣದಲ್ಲ. 1960ರ ದಶಕದಲ್ಲಿ ಇದೇ ವಿದ್ಯೆಯ ಹೆಸರಿನಲ್ಲಿ ಮಕ್ಕಳಿಗೆ ಏಟು ಕೊಟ್ಟದ್ದುಂಟು, ವಿದ್ಯುತ್ ಆಘಾತವನ್ನೂ ಕೊಟ್ಟದ್ದುಂಟು. ಆಟಿಸಂ ಇರುವ ಎಷ್ಟೋ ಮಂದಿ ಇಂದು ದೊಡ್ಡವರಾಗಿ, 'ಕೈ ಅಲ್ಲಾಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ನಮ್ಮನ್ನು ಏಕೆ ಒತ್ತಾಯಿಸಿದಿರಿ?' ಎಂದು ಕೇಳುತ್ತಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದು. ಕನ್ನಡಕ ಹಾಕಿಸಿದ್ದು ಆ ಹುಡುಗನ ಕಣ್ಣಿಗಾಗಿ. ಯಾರಿಗೂ ತೊಂದರೆಯಿಲ್ಲದ ಕೈಯಾಟವನ್ನು ನಿಲ್ಲಿಸುವುದು ಯಾರಿಗಾಗಿ? ಮಗುವಿನ ಹಿತಕ್ಕೋ, ನೋಡುವವರ ಮುಜುಗರ ತಪ್ಪಿಸುವುದಕ್ಕೋ? ಪ್ರತಿ ಯೋಜನೆಗೆ ಮೊದಲೂ ಇದನ್ನು ಕೇಳಿಕೊಳ್ಳದವರು ಎಷ್ಟೇ ಪ್ರಮಾಣಪತ್ರ ಪಡೆದಿದ್ದರೂ ಈ ಕೆಲಸಕ್ಕೆ ತಕ್ಕವರಲ್ಲ.

ಈ ವೃತ್ತಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಓದಲು ಕುಳಿತಾಗ ನೀವು ಎಷ್ಟು ಸಲ ಎದ್ದು ಹೋಗುತ್ತೀರಿ, ಏಳುವ ಮೊದಲು ಏನಾಯಿತು, ಎದ್ದಮೇಲೆ ಏನು ಸಿಕ್ಕಿತು ಎಂದು ಒಂದು ವಾರ ಬರೆದಿಡಿ. ನಿಮ್ಮನ್ನು ನೀವೇ ಬೈದುಕೊಳ್ಳದೆ, ಸುಮ್ಮನೆ ಎಣಿಸಿ. ಏಳನೆಯ ದಿನವೂ ಬರೆಯುವ ಆಸಕ್ತಿ ಉಳಿದಿದ್ದರೆ, ನಿಮ್ಮ ಊರಿನ ಹತ್ತಿರದ ವಿಶೇಷ ಶಾಲೆಯೊಂದಕ್ಕೆ ಅನುಮತಿ ಪಡೆದು ಹೋಗಿ, ಅಲ್ಲಿನ ಶಿಕ್ಷಕರ ಕೆಲಸವನ್ನು ಒಂದು ದಿನ ಗಮನಿಸಿ ಬನ್ನಿ. ನಿರ್ಧಾರ ಆಮೇಲೆ ಮಾಡಿದರಾಯಿತು.