ಮಾತು ಕೊಟ್ಟವರು, ಮದ್ದು ಕೊಟ್ಟವರು

ಬ್ರಿಟಿಷರ ಆಳಿಕೆಯಲ್ಲಿ ಜತ್ತ ಸಂಸ್ಥಾನದ ಡಫಳೆ ಅರಸು ಮನೆತನ ವರ್ಷಕ್ಕೆ 6,400 ರೂಪಾಯಿಯನ್ನು ಸರಕಾರಕ್ಕೆ ಕಟ್ಟುತ್ತಿತ್ತು. ಅದು ಹೊಲದ ಕಂದಾಯವಲ್ಲ. ಮೇಲಿನ ದೊರೆ ಕರೆದಾಗ ಕುದುರೆ ದಂಡು ಕಟ್ಟಿಕೊಂಡು ಹೋಗಬೇಕಾಗಿದ್ದ ಹಳೆಯ ಹೊಣೆಗೆ ಬದಲಿ ಹಣ. ಸರದೇಶಮುಖಿ ಎಂಬ ಮರಾಠರ ಕಾಲದ ತೆರಿಗೆ ಹಕ್ಕಿನ ಬಾಬತ್ತು 4,847 ರೂಪಾಯಿ ಬೇರೆ. ಚಿಕ್ಕ ಸಂಸ್ಥಾನವೊಂದು ದೊಡ್ಡವರ ಆಶ್ರಯದಲ್ಲಿ ಉಳಿಯಲು ತೆತ್ತ ಬೆಲೆ ಇಷ್ಟು ನಿಖರವಾಗಿ ಸಿಗುವುದು ಅಪರೂಪ.

ಡಫಳಾಪುರದ ಪಾಟೀಲ ಮನೆತನದ ಸಟವಾಜಿರಾವ್ ಜತ್ತ, ಕರಜಗಿ ಸೀಮೆಗಳನ್ನು ಪಡೆದದ್ದು ವಿಜಾಪುರದ ಆದಿಲ್‌ಶಾಹಿಯಿಂದ. 1686ರಲ್ಲಿ ವಿಜಾಪುರ ಬಿದ್ದಾಗ ಆತ ಮೊಗಲರಿಗೆ ಶರಣಾದ. ಆಮೇಲೆ ಮರಾಠರ ಕಾಲ ಬಂತು, 1820ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕುಂಪಣಿಯೊಡನೆ ಕರಾರಾಯಿತು. ಮೇಲಿನ ದೊರೆಗಳು ಬದಲಾದರು, ಮನೆತನ ಉಳಿಯಿತು. ಅದೇ ಆಶ್ರಯದ ಇನ್ನೊಂದು ಮುಖ 1874ರಲ್ಲಿ ಕಂಡಿತು: ಅರಸನ ದಬ್ಬಾಳಿಕೆಯ ಕಾರಣ ಕೊಟ್ಟು ಬ್ರಿಟಿಷರು 1885ರವರೆಗೆ ಸಂಸ್ಥಾನದ ಕಾರಭಾರವನ್ನು ತಾವೇ ನಡೆಸಿದರು. ಕಾಯುವ ಕೈಗೆ ಕಸಿಯುವ ಅಧಿಕಾರವೂ ಇತ್ತು.

ಆದರೆ ಕೊಟ್ಟ ಮಾತು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಮೈಸೂರಿಗೇ ಹೋಗಬೇಕು.

1769ರಲ್ಲಿ ಹೈದರ್ ಅಲಿಯ ಕುದುರೆ ಸವಾರರು ಮದರಾಸಿನ ಬಾಗಿಲಿಗೇ ಬಂದು ನಿಂತಾಗ ಕುಂಪಣಿ ಗಾಬರಿಯಿಂದ ಒಪ್ಪಂದಕ್ಕೆ ಬಂತು. ಏಪ್ರಿಲ್‌ನ ಆ ಒಪ್ಪಂದದಲ್ಲಿ ಹೈದರನಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಒಂದೇ ಅಂಶ: ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು. ಅವನಿಗೆ ಅಂಜಿಕೆಯಿದ್ದದ್ದು ಪುಣೆಯ ಮರಾಠರದ್ದು. ಮರುವರ್ಷವೇ ಪೇಶ್ವೆ ಮಾಧವರಾಯನ ಸೈನ್ಯ ಮೈಸೂರು ಸೀಮೆಗೆ ನುಗ್ಗಿತು. ನಿಜಗಲ್ಲು ದುರ್ಗ ಬಿತ್ತು. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನ ದಂಡು ದಿಕ್ಕಾಪಾಲಾಯಿತು, ಮರಾಠರು ಶ್ರೀರಂಗಪಟ್ಟಣದವರೆಗೂ ಬಂದರು. ಹೈದರ್ ಮದರಾಸಿಗೆ ಮೇಲಿಂದ ಮೇಲೆ ಮೊರೆ ಇಟ್ಟ. ಒಬ್ಬ ಸಿಪಾಯಿಯೂ ಬರಲಿಲ್ಲ. ಮರಾಠರನ್ನು ಕೆಣಕುವ ಮನಸ್ಸು ಕುಂಪಣಿಗೆ ಇರಲಿಲ್ಲ, ಅದರ ಆಪ್ತನಾದ ಆರ್ಕಾಟಿನ ನವಾಬನಿಗೆ ಹೈದರ್ ಉಳಿಯುವುದೇ ಬೇಡವಾಗಿತ್ತು. 1772ರಲ್ಲಿ ನೆಲ, ಹಣ ಎರಡನ್ನೂ ಕೊಟ್ಟು ಅವನು ಸಂಧಿ ಮಾಡಿಕೊಳ್ಳಬೇಕಾಯಿತು.

ಆ ವಚನಭಂಗವನ್ನು ಹೈದರ್ ಸಾಯುವವರೆಗೆ ಮರೆಯಲಿಲ್ಲ. ಆತ ಫ್ರೆಂಚರತ್ತ ತಿರುಗಿದ. ಅವರ ಆಯುಧ, ಮದ್ದುಗುಂಡು ಅವನಿಗೆ ತಲುಪುತ್ತಿದ್ದದ್ದು ಮಲಬಾರಿನ ಮಾಹೆ ಬಂದರಿನಿಂದ. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಆತ ಎಚ್ಚರಿಸಿದ್ದರೂ 1779ರಲ್ಲಿ ಬ್ರಿಟಿಷರು ಅದನ್ನು ಹಿಡಿದರು. ಹೈದರ್–ಕುಂಪಣಿ ನಡುವಿನ 1780ರ ಯುದ್ಧಕ್ಕೆ ಅದೊಂದು ನೇರ ಕಾರಣ. ಆಯುಧ ಬರುವ ದಾರಿ ಒಂದೇ ಆಗಿದ್ದರೆ ಶತ್ರು ಮೊದಲು ಮುಚ್ಚುವುದು ಆ ದಾರಿಯನ್ನೇ.

ಫ್ರೆಂಚರ ಸ್ನೇಹವೂ ಯುರೋಪಿನ ಲೆಕ್ಕಾಚಾರದ ಹಂಗಿನಲ್ಲಿತ್ತು. 1783ರಲ್ಲಿ ಹೈದರನ ಮಗ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಫ್ರಾನ್ಸ್–ಬ್ರಿಟನ್ ನಡುವೆ ಶಾಂತಿಯಾದ ಸುದ್ದಿ ಬಂತು. ಜೊತೆಗಿದ್ದ ಫ್ರೆಂಚ್ ತುಕಡಿ ಮುತ್ತಿಗೆಯಿಂದ ಹಿಂದೆ ಸರಿಯಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳನ್ನು ಹದಿನಾರನೆಯ ಲೂಯಿ ವೈಭವದಿಂದ ಬರಮಾಡಿಕೊಂಡ, ಸೈನ್ಯವನ್ನು ಮಾತ್ರ ಕೊಡಲಿಲ್ಲ. ಟಿಪ್ಪು ಕುಶಲಕರ್ಮಿಗಳನ್ನೂ ಕೇಳಿದ್ದ. ಅವನ ಮುಂದಾಲೋಚನೆ ಕಾಣುವುದು ಆ ಬೇಡಿಕೆಯಲ್ಲೇ. ಫಿರಂಗಿ, ಬಂದೂಕು, ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಮೈಸೂರು ತನ್ನ ಕಾರ್ಖಾನೆಗಳಲ್ಲೇ ಮಾಡುತ್ತಿತ್ತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಆದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕೊಟ್ಟು ಕುಂಪಣಿಯ ಸೈನ್ಯವನ್ನು ಸಾಕಿತು. ಅದೇ ಒಪ್ಪಂದದ ಆಧಾರದ ಮೇಲೆ 1831ರಲ್ಲಿ ಅರಸರ ಕೈಯಿಂದ ಆಡಳಿತ ಹೋಯಿತು, ಮರಳಿ ಬಂದದ್ದು 1881ರಲ್ಲಿ. ಜತ್ತದಲ್ಲಿ ಹನ್ನೊಂದು ವರ್ಷ, ಮೈಸೂರಿನಲ್ಲಿ ಐವತ್ತು.

ಇದೆಲ್ಲ ಹಳೆಯ ಕಾಲದ ಮಾತೆಂದು ಬಿಡುವಂತಿಲ್ಲ. 1994ರಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ ಅಮೆರಿಕ, ಬ್ರಿಟನ್, ರಷ್ಯ ಮೂರೂ ಅದರ ಗಡಿಯನ್ನು ಗೌರವಿಸುವುದಾಗಿ ಬುಡಾಪೆಸ್ಟಿನಲ್ಲಿ ಸಹಿ ಹಾಕಿದವು. 2014ರಲ್ಲಿ ರಷ್ಯವೇ ಕ್ರಿಮಿಯವನ್ನು ನುಂಗಿತು. ಹೈದರನ ಕಥೆಗೆ ಇನ್ನೂ ಹತ್ತಿರವಾದದ್ದು ಆರ್ಮೇನಿಯ. ಕಷ್ಟಕಾಲದಲ್ಲಿ ನೆರವಾಗಬೇಕಾದ ರಷ್ಯ ನೇತೃತ್ವದ ಕೂಟದಲ್ಲಿ ಅದು ಸದಸ್ಯ ದೇಶ. 2022ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ಮೇಲೆರಗಿದಾಗ ಆ ಕೂಟದ ಸೈನ್ಯ ಬರಲಿಲ್ಲ. ಆರ್ಮೇನಿಯ ಬೇರೆ ಕಡೆ ಆಯುಧ ಹುಡುಕಿತು. ಅದು ಕೊಂಡವುಗಳಲ್ಲಿ ಭಾರತದ ಪಿನಾಕ ರಾಕೆಟ್ ವ್ಯವಸ್ಥೆಯೂ ಒಂದು.

ಅಂದರೆ ಈಗ ಮಾರುವವರ ಸಾಲಿನಲ್ಲಿ ಭಾರತವೂ ನಿಂತಿದೆ. 2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸುಮಾರು 37.5 ಕೋಟಿ ಡಾಲರಿಗೆ ಬ್ರಹ್ಮೋಸ್ ಕ್ಷಿಪಣಿ ಕೊಳ್ಳಲು ಸಹಿ ಹಾಕಿತು, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸಿನ ದೋಣಿಗಳಿಗೆ ಚೀನೀ ಹಡಗುಗಳ ಕಾಟ ತಪ್ಪಿಲ್ಲ. ಭಾರತ ಅಲ್ಲಿಗೆ ಸೈನ್ಯ ಕಳಿಸುವ ಮಾತು ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಬಿಡಿಭಾಗ, ದುರಸ್ತಿ, ತರಬೇತಿ ಬಿಕ್ಕಟ್ಟಿನ ದಿನವೂ ನಿಲ್ಲಬಾರದು. ಚೀನಾ ಕಣ್ಣು ಕೆಂಪಗೆ ಮಾಡಿದಾಗ ದೆಹಲಿ ಎಷ್ಟರ ಮಟ್ಟಿಗೆ ಜೊತೆ ನಿಲ್ಲುತ್ತದೆ ಎಂಬುದನ್ನು ಮನಿಲಾಕ್ಕೆ ಇಂದೇ, ಸ್ಪಷ್ಟವಾಗಿ ಹೇಳಿಬಿಡಬೇಕು. ಹೈದರನಿಗೆ ಮದರಾಸಿನವರು 1769ರಲ್ಲೇ ಆಗದೆಂದು ಹೇಳಿದ್ದರೆ ಅವನು ಪುಣೆಯೊಡನೆ ಬೇರೆಯೇ ರೀತಿಯಲ್ಲಿ ವ್ಯವಹರಿಸಬಹುದಿತ್ತು.