ಓಲೆ, ಕಡತ, ಕಾಗದ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಗ್ರಂಥಗಳ ತಾತ್ಪರ್ಯವನ್ನು ಹೇಳಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಅನೇಕರಿರುವರು. ನಾನಾದರೋ ಗ್ರಂಥದ ಕಾಯವನ್ನು, ಎಂದರೆ ಅಕ್ಷರವನ್ನು ಹೊತ್ತಿರುವ ಓಲೆ, ಬಟ್ಟೆ, ಕಾಗದಗಳನ್ನು ಕುರಿತು, ಅವುಗಳ ಚರಿತ್ರೆಯನ್ನು ಬರೆಯುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವೆನು. ಪಾಠಶಾಲೆಗಳಲ್ಲಿ ನಮಗೆ ಪದಚ್ಛೇದ, ಅನ್ವಯ, ಪಾಠಾಂತರ ಇವುಗಳನ್ನು ಕಲಿಸುವರು. ಓಲೆಯನ್ನು ಓಲೆಯೆಂದು ನೋಡುವುದನ್ನು ಕಲಿಸುವುದಿಲ್ಲ. ಆದರೆ ಗ್ರಂಥವು ಬಾಯಿಂದ ಹೇಳುವುದೊಂದು, ಮೈಯಿಂದ ಹೇಳುವುದು ಇನ್ನೊಂದು. ಇವೆರಡೂ ಎಲ್ಲ ಕಾಲಕ್ಕೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಚೀನಾದೇಶದ ರಾಜಚರಿತ್ರೆಯು, ಕ್ರಿ. ಶ. 105ರಲ್ಲಿ ತ್ಸೈ ಲುನ್ ಎಂಬ ಅರಮನೆಯ ಅಧಿಕಾರಿಯು ಮರದ ತೊಗಟೆ, ನಾರು, ಚಿಂದಿಬಟ್ಟೆ, ಹಳೆಯ ಮೀನುಬಲೆಗಳಿಂದ ಕಾಗದವನ್ನು ಮಾಡಿ ಚಕ್ರವರ್ತಿಗೆ ಒಪ್ಪಿಸಿದನೆಂದು ಹೇಳುವುದು. ಬಹುಕಾಲ ಲೋಕವೆಲ್ಲ ಇದನ್ನೇ ಕಾಗದದ ಜನ್ಮದಿನವೆಂದು ನಂಬಿತ್ತು. ಆದರೆ 1986ರಲ್ಲಿ ಅದೇ ದೇಶದ ಗಾನ್ಸು ಪ್ರಾಂತದ ಫಾಂಗ್‌ಮಾತಾನ್ ಎಂಬಲ್ಲಿ ಹಳೆಯ ಗೋರಿಯೊಂದನ್ನು ಅಗೆದಾಗ, ರೇಖೆಗಳನ್ನೆಳೆದ ನಕ್ಷೆಯ ಕಾಗದದ ತುಂಡೊಂದು ದೊರೆಯಿತು. ಅದು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವರು. ಇದರಿಂದ ತ್ಸೈ ಲುನನ ಕೀರ್ತಿ ಅಳಿಯಲಿಲ್ಲ. ಅವನು ಕಂಡುಹಿಡಿದವನಲ್ಲ, ತಿದ್ದಿ ಬೆಳೆಸಿದವನೆಂದು ತಿಳಿದುಬಂದಿತು, ಅಷ್ಟೆ. ಆದರೆ ಹಾಗೆ ತಿಳಿಸಿದ್ದು ಬರೆದ ಚರಿತ್ರೆಯಲ್ಲ, ಅಂಗೈಯಗಲದ ಒಂದು ಚೂರು.

ಈ ಶಾಸ್ತ್ರದಲ್ಲಿ ಆದರ್ಶಪ್ರಾಯನಾದವನು ಅಮೆರಿಕಾದ ಡಾರ್ಡ್ ಹಂಟರ್ (1883–1966). ಅವನು ಚರಿತ್ರೆಯನ್ನು ಬರೆಯುವುದಕ್ಕೆ ಮೊದಲು ತಾನೇ ಕಾಗದ ಮಾಡಿದನು. ತಾನೇ ಅಚ್ಚಿನ ಮೊಳೆಗಳನ್ನು ಕೊರೆದು ಎರಕ ಹೊಯ್ದು ಮುದ್ರಿಸಿದನು. ಆಮೇಲೆ ಜಪಾನು, ಚೀನಾ, ಕೊರಿಯಾಗಳಲ್ಲಿ ಅಲೆದು, ನಮ್ಮ ದೇಶಕ್ಕೂ ಬಂದು, ಇಲ್ಲಿಯ ಕಾಗದಗಾರರ ಗ್ರಾಮಗಳನ್ನು ನೋಡಿದನು. ಅವನು ಭಾರತದ ಕೈಕಾಗದವನ್ನು ಕುರಿತು 1939ರಲ್ಲಿ ಹೊರಡಿಸಿದ ಗ್ರಂಥದಲ್ಲಿ ಕಾಗದದ ನಿಜವಾದ ಮಾದರಿಗಳನ್ನೇ ಸೇರಿಸಿ ಕಟ್ಟಿಸಿದನು. ವರ್ಣನೆಯನ್ನು ಸಂದೇಹಿಸುವವನು ಬೆರಳಿನಿಂದ ಮುಟ್ಟಿ ನೋಡಲೆಂದೇ ಹೀಗೆ ಮಾಡಿದನೆಂದು ನಾನು ಭಾವಿಸುವೆನು. 1943ರ ಅವನ ದೊಡ್ಡ ಚರಿತ್ರೆಯು ಈ ಅಲೆದಾಟದ ಫಲ.

ನಮ್ಮ ದೇಶದ ಕಾಗದಗಾರರ ಕೆಲಸದ ಕ್ರಮ ಹೀಗಿದ್ದಿತು. ಸಣಬಿನ ನಾರು, ಹಳೆಯ ಹಗ್ಗ ಮುಂತಾದುವನ್ನು ಸುಣ್ಣದ ನೀರಿನಲ್ಲಿ ನೆನೆಯಿಕ್ಕಿ, ಕಾಲಿನಿಂದ ತುಳಿಯುವ ಒನಕೆಯಲ್ಲಿ ಕುಟ್ಟಿ, ಹೊಳೆಯಲ್ಲಿ ಮತ್ತೆ ಮತ್ತೆ ತೊಳೆಯುವರು. ಆ ನಾರಿನ ಹಿಟ್ಟನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಹುಲ್ಲುಕಡ್ಡಿಗಳನ್ನು ಕುದುರೆಯ ಕೂದಲಿನಿಂದ ಹೆಣೆದ ಚಾಪೆಯಂತಹ ಜರಡಿಯಿಂದ ಎತ್ತುವರು. ನೀರು ಸೋರಿಹೋಗಿ ಹಾಳೆ ನಿಲ್ಲುವುದು. ಅದನ್ನು ಗಾರೆಯ ಗೋಡೆಗೆ ಹಚ್ಚಿ ಒಣಗಿಸಿ, ಮಸಿ ಹರಡದಂತೆ ಗಂಜಿ ಸವರಿ, ನುಣುಪಾದ ಕಲ್ಲಿನಿಂದ ಉಜ್ಜುವರು. ದೌಲತಾಬಾದಿನ ಬಳಿಯ ಕಾಗಜೀಪುರಕ್ಕೆ ಈ ಕಸುಬಿನಿಂದಲೇ ಹೆಸರು ಬಂದಿದೆ. ಇಂತಹ ಹಾಳೆಯನ್ನು ಬಿಸಿಲಿಗೆ ಹಿಡಿದರೆ ಜರಡಿಯ ಕಡ್ಡಿಗಳ ಗೆರೆಗಳೂ ಹೆಣೆದ ದಾರದ ಗುರುತೂ ಕಾಣುವುವು.

ಯೂರೋಪಿನ ಕಾಗದವನ್ನು ಬಿಸಿಲಿಗೆ ಹಿಡಿದರೆ ಇನ್ನೂ ಹೆಚ್ಚಿನ ಸಂಗತಿ ತಿಳಿಯುವುದು. ಅಲ್ಲಿಯ ತಂತಿಯ ಜರಡಿಗೆ ಬೇರೊಂದು ತಂತಿಯ ಆಕೃತಿಯನ್ನು ಹೊಲಿಯುತ್ತಿದ್ದರು. ಅಲ್ಲಿ ಹಾಳೆ ತೆಳುವಾಗಿ ಕಾರ್ಖಾನೆಯ ನೀರುಗುರುತು ಮೂಡುವುದು. 1794ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನಾಯಿತು: ಹೊರದೇಶಕ್ಕೆ ಕಳಿಸುವ ಕಾಗದದ ಸುಂಕವನ್ನು ಮರಳಿ ಪಡೆಯಬೇಕಾದರೆ ಹಾಳೆಯೊಳಗೇ ವರ್ಷದ ಅಂಕೆ ಇರಬೇಕು. ಸುಂಕದ ಲೆಕ್ಕಕ್ಕಾಗಿ ಮಾಡಿದ ಈ ಏರ್ಪಾಡು ಚರಿತ್ರಕಾರನಿಗೆ ವರವಾಯಿತು. ನಮ್ಮ ಲಿಪಿಕಾರರು ಎಷ್ಟೋ ಸಲ ಶಕವರ್ಷವನ್ನು ಬಿಟ್ಟು ಸಂವತ್ಸರದ ಹೆಸರನ್ನು ಮಾತ್ರ ಬರೆಯುವರಷ್ಟೆ? ಪ್ರಭವ ಸಂವತ್ಸರವೆಂದಿದ್ದರೆ ಅದು 1747ರದೋ, 1807ರದೋ, 1867ರದೋ? ಹಾಳೆಯಲ್ಲಿ 1804ರ ಅಂಕೆ ಕಂಡಿತೆನ್ನಿರಿ. 1747 ಆ ಕ್ಷಣವೇ ಬಿದ್ದುಹೋಯಿತು. ಉಳಿದೆರಡರಲ್ಲಿ ಯಾವುದೆಂಬುದನ್ನು ಅಕ್ಷರದ ಮೋಡಿಯಿಂದ ವಿಚಾರಿಸಬೇಕು.

ಕಡತದ ಚರಿತ್ರೆ ಇದಕ್ಕಿಂತ ಕಠಿನ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಅನುಕೂಲವೇನೋ ಸರಿ, ಆದರೆ ಒರಸಿದುದನ್ನು ಯಾರು ಓದಬೇಕು? ವಸ್ತು ಮರೆಯಾಗುತ್ತ ಬಂದರೂ ಹೆಸರು ಮಾತ್ರ ಕಚೇರಿಗಳಲ್ಲಿ ಬಾಳುತ್ತಿದೆ.

ಓಲೆಯು ಪ್ರತಿಯಿಂದ ಪ್ರತಿಗೆ ಬದುಕಿದ ಗ್ರಂಥ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಎಷ್ಟು ಕಂಠಗಳು ಸವೆದಿರಬೇಕು, ಎಷ್ಟು ಬೆನ್ನುಗಳು ಬಾಗಿರಬೇಕು! ನಮ್ಮ ಕಾಲಕ್ಕೆ ಬಂದರೆ, ಫ. ಗು. ಹಳಕಟ್ಟಿಯವರು ಓಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಅವರ ಋಣವನ್ನು ನಾವು ತೀರಿಸಲಾರೆವು. ಆದರೆ ಅಚ್ಚಿನ ಪುಸ್ತಕ ಮನೆಗೆ ಬಂದಮೇಲೆ, ಇನ್ನು ಈ ಓಲೆಯೇಕೆಂದು ಕಟ್ಟುಗಳನ್ನು ಹೊಳೆಗೆ ಬಿಟ್ಟ ಮನೆಗಳೂ ಉಂಟು. ಭಕ್ತಿಯಿಂದಲೇ ಬಿಟ್ಟರು, ಹೋದದ್ದು ಮಾತ್ರ ಹೋಯಿತು.

ಈಗ ಛಾಯಾಚಿತ್ರ ತೆಗೆದು ಯಂತ್ರದಲ್ಲಿ ಇಡುವರು. ಒಳ್ಳೆಯ ಕೆಲಸ, ಆಗಲೇಬೇಕು. ಆದರೆ ಮೇಲಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರದಲ್ಲಿ ನೀರುಗುರುತು ಸಾಮಾನ್ಯವಾಗಿ ಕಾಣದು. ಓಲೆಯ ದಪ್ಪ, ಕಂಠ ಇಳಿದ ಆಳ, ದಾರ ಎಳೆದೆಳೆದು ಸವೆದ ರಂಧ್ರ ಇವು ತಿಳಿಯವು. ಆದುದರಿಂದ ಚಿತ್ರ ತೆಗೆದಾಯಿತೆಂದು ಮೂಲವನ್ನು ಕೈಬಿಡತಕ್ಕದ್ದಲ್ಲ.

ಸದ್ಭಕ್ತರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ನಿಮ್ಮ ಅಟ್ಟಗಳಲ್ಲಿ, ಜಗಲಿಯ ಗೂಡುಗಳಲ್ಲಿ ಇಂತಹ ಕಟ್ಟುಗಳಿದ್ದರೆ ಮಠಕ್ಕೆ ತಂದು ತೋರಿಸಿರಿ, ಕೊಡಲೇಬೇಕೆಂದು ಕೇಳುವವನಲ್ಲ. ತರುವಾಗ ಸುತ್ತಿದ ಬಟ್ಟೆಯನ್ನೂ ದಾರವನ್ನೂ ಮೇಲುಹಲಗೆಗಳನ್ನೂ ಬದಲಿಸದೆ, ಎಣ್ಣೆ ಸವರದೆ, ಇದ್ದಂತೆಯೇ ತನ್ನಿರಿ. ಶಾಸ್ತ್ರಗ್ರಂಥವೇ ಆಗಬೇಕೆಂದಿಲ್ಲ, ಮುತ್ತಜ್ಜನ ಕಾಲದ ಬಡ್ಡಿಯ ಲೆಕ್ಕ, ಹೊಲದ ಕರಾರು, ಹರಿದ ಪಂಚಾಂಗ ಯಾವುದಾದರೂ ಸರಿ. ಅವುಗಳನ್ನು ಬಿಸಿಲಿಗೆ ಹಿಡಿದು ನೋಡಬೇಕಾಗಿದೆ.