ಮಲಗುವ ಹಕ್ಕು

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ನಾನು ಮೊದಲು ಬರೆಯಲು ಕಲಿತದ್ದು ರಜಾ ಅರ್ಜಿ. ‘ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ’ ಎಂದು ಬರೆದು, ಕೆಳಗೆ ಪೋಷಕರ ಸಹಿಗೆ ಜಾಗ ಬಿಡುತ್ತಿದ್ದೆವು. ನನ್ನ ಅರ್ಜಿಗೆ ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು. ಅವ್ವನಿಗೇ ಜ್ವರ ಬಂದರೆ ಅವಳು ಯಾರಿಗೆ ಅರ್ಜಿ ಬರೆಯಬೇಕು? ಈ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡತೊಡಗಿದ ಮೇಲೆ ಹೊಳೆಯಿತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ ಒಂದು ವಿಚಾರ ಮುಂದಿಟ್ಟರು. ಕಾಯಿಲೆ ಎಂದರೆ ಮೈಗೆ ಆಗುವ ತೊಂದರೆ ಮಾತ್ರವಲ್ಲ, ‘ರೋಗಿ’ ಎಂಬುದು ಸಮಾಜ ಒಪ್ಪಿ ಕೊಡುವ ಒಂದು ಪಾತ್ರವೂ ಹೌದು. ಆ ಪಾತ್ರ ಸಿಕ್ಕವರಿಗೆ ಎರಡು ವಿನಾಯಿತಿ. ದಿನನಿತ್ಯದ ಕೆಲಸದಿಂದ ಬಿಡುವು ಒಂದು, ‘ಇದು ನಿನ್ನದೇ ತಪ್ಪು’ ಎಂಬ ಮಾತು ಕೇಳಬೇಕಾಗಿಲ್ಲ ಎಂಬುದು ಇನ್ನೊಂದು. ಹೊಣೆಯೂ ಎರಡು. ಗುಣವಾಗಬೇಕೆಂದು ಬಯಸಬೇಕು, ವೈದ್ಯರ ಹತ್ತಿರ ಹೋಗಿ ಅವರು ಹೇಳಿದಂತೆ ನಡೆಯಬೇಕು. ಪುಸ್ತಕದಲ್ಲಿ ಓದುವಾಗ ಇದು ಸರಿ ಎನಿಸುತ್ತದೆ. ಆದರೆ ನಮ್ಮೂರಿನಲ್ಲಿ ಈ ಪಾತ್ರ ಯಾರಿಗೆ ಸಿಗುತ್ತದೆ?

ನಮ್ಮ ಶಿವಮೊಗ್ಗ ಜಿಲ್ಲೆಯದೇ ಉದಾಹರಣೆ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ವೈದ್ಯಶಾಸ್ತ್ರದಲ್ಲಿ ಇಂದಿಗೂ ಅದಕ್ಕೆ ಕ್ಯಾಸನೂರಿನದೇ ಹೆಸರು. ಇದನ್ನು ಹರಡುವುದು ಕಾಡಿನ ಉಣುಗು. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ಹಾಗಾದರೆ ಯಾರಿಗೆ ಬರುತ್ತದೆ? ದರಗು ಗುಡಿಸಲು, ಸೌದೆ ತರಲು, ದನ ಕಾಯಲು ಕಾಡಿಗೆ ಹೋಗುವವರಿಗೆ. ಉಣುಗಿಗೆ ಬಡವರು, ಬಲ್ಲಿದರು ಎಂಬ ಭೇದವಿಲ್ಲ. ಆದರೆ ಉಣುಗು ಇರುವ ಜಾಗಕ್ಕೆ ಯಾರು ಹೋಗಬೇಕು ಎಂಬುದನ್ನು ನಮ್ಮ ಸಮಾಜ ಮೊದಲೇ ಗೊತ್ತುಮಾಡಿರುತ್ತದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವ್ವನಿಗೆ ಈ ಜ್ವರ ಬಂತು. ಅಡಿಕೆ ಕೊಯ್ಲಿನ ಕಾಲ. ತಲೆ ಸಿಡಿಯುತ್ತದೆ, ಮೈಯೆಲ್ಲ ಬಡಿದು ಹಾಕಿದ ಹಾಗಿದೆ ಎನ್ನುತ್ತಲೇ ಕೊಟ್ಟಿಗೆ ಬಳಿದಳು, ರಾತ್ರಿ ಅಡಿಕೆ ಸುಲಿಯಲು ಹೋದಳು. ಸುಲಿದಷ್ಟಕ್ಕೇ ಕೂಲಿ. ನಾಲ್ಕನೇ ದಿನ ಬಚ್ಚಲ ಹತ್ತಿರ ಕುಸಿದು ಬಿದ್ದಾಗಲೇ ನಮಗೆ ಅದು ಕಾಯಿಲೆ ಎನಿಸಿದ್ದು. ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ‘ಇಷ್ಟು ದಿನ ಏನು ಮಾಡ್ತಿದ್ರಿ?’ ಎಂದು ಡಾಕ್ಟರು ಗದರಿದರು. ಅವ್ವ, ‘ಅಡಿಕೆ ಸುಲೀತಿದ್ದೆ’ ಎಂದಳು. ಅಲ್ಲಿದ್ದವರು ನಕ್ಕರು. ನಾನೂ ನಾಚಿಕೊಂಡೆ. ಕೇಳಿದ ಪ್ರಶ್ನೆಗೆ ಅವಳು ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು ಎಂದು ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಅವ್ವ ಬದುಕಿದಳು. ಆದರೆ ಮೊದಲಿನ ಕಸುವು ಬರಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ಅವಳು ಕೇಳಿದ ಮಾತು ‘ಕಾಡಿಗೆ ಯಾಕೆ ಹೋದೆ?’ ಎಂಬುದು. ದರಗು ಇಲ್ಲದೆ ಕೊಟ್ಟಿಗೆ ಇಲ್ಲ, ಗೊಬ್ಬರ ಇಲ್ಲ, ಸೌದೆ ಇಲ್ಲದೆ ಒಲೆ ಇಲ್ಲ. ಪಾರ್ಸನ್ಸ್ ಹೇಳಿದ ಎರಡು ವಿನಾಯಿತಿಗಳಲ್ಲಿ ಒಂದೂ ಅವಳಿಗೆ ಸಿಗಲಿಲ್ಲ.

ಇದರಲ್ಲಿ ಡಾಕ್ಟರರನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ. ನೂರಾರು ರೋಗಿಗಳ ನಡುವೆ ಅವರು ಒಬ್ಬರೇ ಇದ್ದರು. ಅವ್ವನ ಮೈ ಸುಡುತ್ತಿದ್ದಾಗ ಊಟಕ್ಕೆ ಬಡಿಸು ಎಂದವರು ನಾವು, ಅವಳ ಮಕ್ಕಳು. ಸಂಬಳದವರಿಗೆ ಜ್ವರ ಬಂದರೆ ರಜೆ, ಕೂಲಿಯವರಿಗೆ ಬಂದರೆ ಕೂಲಿ ಖೋತಾ, ಮನೆಯ ಹೆಂಗಸಿಗೆ ಬಂದರೆ ‘ಸ್ವಲ್ಪ ಮೈ ಬಿಸಿ’. ಜ್ವರ ಒಂದೇ, ಹೆಸರು ಮೂರು.

ಮಕ್ಕಳೇ, ಮಂಗನ ಕಾಯಿಲೆಗೆ ಅದರದೇ ಆದ ಔಷಧಿ ಇಂದಿಗೂ ಇಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ದಾರಿ. ಜ್ವರ ಬಿಟ್ಟಿತು ಎಂದುಕೊಂಡ ಮೇಲೂ ಕೆಲವರಿಗೆ ಒಂದೆರಡು ವಾರದಲ್ಲಿ ಮರುಕಳಿಸುತ್ತದೆ. ಆದ್ದರಿಂದ ಚಳಿಗಾಲ ಬಂದದ್ದೇ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆಯನ್ನು ನೆನಪಿಸಿ. ಬಂದ ಮೇಲೆ ಬಿಸಿನೀರು ಕಾಯಿಸಿ ಕೊಡಿ, ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಯಲ್ಲಿ ಯಾರಾದರೂ ತಲೆನೋವು, ಜ್ವರ ಎಂದರೆ ಆ ದಿನವೇ ಕರೆದೊಯ್ಯಿರಿ. ಬಿದ್ದ ಮೇಲೆ ನಂಬುವುದು ಬೇಡ, ಹೇಳಿದಾಗಲೇ ನಂಬಿ.

ಊರಿನ ಹಿರಿಯರಲ್ಲಿ ಒಂದು ಕೋರಿಕೆ. ‘ಕಾಡಿಗೆ ಹೋಗಬೇಡಿ’ ಎಂದು ಡಂಗುರ ಸಾರಿದರೆ ಸಾಲದು. ಹೋಗದಿದ್ದ ದಿನದ ಒಲೆಗೆ, ಕೊಟ್ಟಿಗೆಗೆ, ಕೂಲಿಗೆ ಏನು ಮಾಡಬೇಕು ಎಂಬುದನ್ನೂ ಪಂಚಾಯಿತಿಯಲ್ಲಿ ಕೂತು ಯೋಚಿಸಬೇಕು.

ಅವ್ವ ಈಗಿಲ್ಲ. ಅವಳ ಪರವಾಗಿ ನಾನು ಬರೆಯಬೇಕಿದ್ದ ರಜಾ ಅರ್ಜಿಯನ್ನು ತಡವಾಗಿ ಇವತ್ತು, ನನಗೆ ಬರೆಯಲು ಕಲಿಸಿದ ಈ ಶಾಲೆಯ ಅಂಗಳದಲ್ಲೇ ಒಪ್ಪಿಸಿದ್ದೇನೆ. ನೀವು ನಿಮ್ಮ ಮನೆಯವರ ಅರ್ಜಿಯನ್ನು ತಡಮಾಡದೆ ಬರೆಯಿರಿ.